ಓದುಗರ ಪ್ರಶ್ನೆ: ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಕರಾವಳಿಯ ನದಿಗಳು ಮತ್ತು ಅವುಗಳ ಮೇಲೆ ನಡೆಯುತ್ತಿದ್ದ ಸರಕು ಸಾಗಾಟವನ್ನು ಕುರಿತು ಕೆಲವು ತಿಂಗಳುಗಳಿಂದ ಬೇರೆ ಬೇರೆ ಊರುಗಳ ಓದುಗರಿಂದ ಪತ್ರಗಳು ಬರುತ್ತಿವೆ. ಒಂದರ ಉತ್ತರ ಇನ್ನೊಂದಕ್ಕೆ ತಗುಲಿಕೊಂಡಿರುವುದರಿಂದ ಈ ಸಂಚಿಕೆಯನ್ನು ಅವಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಜ್ಜ ಎರೆಹೊಲದಲ್ಲಿ ಬೆಳೆಯುತ್ತಿದ್ದ ಹತ್ತಿಯನ್ನು ‘ಕುಮಟಾ ಹತ್ತಿ’ ಎಂದು ಕರೆಯುತ್ತಿದ್ದರು. ಕುಮಟೆಯಲ್ಲಿ ಹತ್ತಿಯ ಗಿಡವನ್ನೇ ನಾನು ಕಂಡಿಲ್ಲ. ಈ ಹೆಸರು ಹೇಗೆ ಬಂತು? (ಓದುಗರೊಬ್ಬರು, ಹಾವೇರಿ)

ಉತ್ತರ: ತಾವು ಕಾಣದಿರುವುದು ಸಹಜ. ಸಮುದ್ರದ ಉಪ್ಪುಗಾಳಿ, ಕೆಂಪು ಜಂಬಿಟ್ಟಿಗೆ ನೆಲ, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಇವುಗಳಲ್ಲಿ ಯಾವುದೂ ಹತ್ತಿಗೆ ಹೇಳಿದ್ದಲ್ಲ. ಹಿಂದೆ ದೂರದ ಪೇಟೆಯವರು ಸರಕನ್ನು ಅದು ಬೆಳೆದ ಹೊಲದ ಹೆಸರಿನಿಂದ ಕರೆಯುತ್ತಿರಲಿಲ್ಲ, ಹಡಗು ಹತ್ತಿದ ಬಂದರಿನ ಹೆಸರಿನಿಂದ ಕರೆಯುತ್ತಿದ್ದರು. ವಯನಾಡಿನ ಬೆಟ್ಟಗಳಲ್ಲಿ ಬೆಳೆದ ಕಾಳುಮೆಣಸು ತಲಚೇರಿಯ ಮೆಣಸು ಎನಿಸಿಕೊಂಡದ್ದೂ ಇದೇ ಬಗೆಯಲ್ಲಿ. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಜವಾರಿ ಹತ್ತಿ ಕುಮಟೆಯಿಂದ ಮುಂಬಯಿಗೂ ಅಲ್ಲಿಂದ ಲಿವರ್‌ಪೂಲಿಗೂ ಹೋಗುತ್ತಿದ್ದುದರಿಂದ ಆ ಪೇಟೆಗಳ ದಲ್ಲಾಳಿಗಳ ಬಾಯಲ್ಲಿ ಅದು ಕುಮಟಾ ಹತ್ತಿಯಾಯಿತು. ಬೆಳೆದ ರೈತನೂ ಕೊನೆಗೆ ಕೊಳ್ಳುವವನ ಹೆಸರನ್ನೇ ಒಪ್ಪಿಕೊಂಡ. ಆ ಬಂದರಿನಿಂದ ಹತ್ತಿ ಹೋಗುವುದು ನಿಂತು ದಶಕಗಳು ಕಳೆದ ಮೇಲೂ ಹೆಸರು ಹೋಗಲಿಲ್ಲ. ತಮ್ಮ ಅಜ್ಜನವರ ಮಾತೇ ಅದಕ್ಕೆ ಸಾಕ್ಷಿ.

ಹುಬ್ಬಳ್ಳಿಯಿಂದ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು ಕುಮಟೆ ಸೇರುವ ಈಗಿನ ರಸ್ತೆ ಸುಮಾರು 160 ಕಿಲೋಮೀಟರು. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಚಕ್ಕಡಿಗಳಿಗೆ ಅದು ಎಂಟು ದಿನಕ್ಕೆ ಕಡಿಮೆಯಿಲ್ಲದ ಹಾದಿ. ಇಷ್ಟು ದೂರ ಎತ್ತುಗಳು ನಡೆದು ಬಂದ ಮೇಲೆ ಅವು ಬರಿಗೈಯಲ್ಲಿ ಹಿಂದಿರುಗಿದರೆ ವ್ಯಾಪಾರ ಗಿಟ್ಟುವುದಿಲ್ಲ. ಅವುಗಳ ಮರುಹೇರನ್ನು ಒದಗಿಸುತ್ತಿದ್ದುದು ನದಿ. ಅಘನಾಶಿನಿಯ ಅಳಿವೆಯ, ಅಂದರೆ ಅದು ಕಡಲು ಸೇರುವ ಬಾಯಿಯ, ಹತ್ತಿರದ ಸಾಣಿಕಟ್ಟೆಯ ಉಪ್ಪು, ಎರಡೂ ದಂಡೆಗಳ ತೆಂಗಿನಕಾಯಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಅಕ್ಕಿ, ಒಣಮೀನು, ನದಿಯ ತಳದಿಂದ ತೆಗೆದ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ, ಇವೆಲ್ಲ ದೋಣಿಗಳಲ್ಲಿ ಒಂದೆಡೆ ಕೂಡಿ ಬಂಡಿಯೇರುತ್ತಿದ್ದವು. ಅಘನಾಶಿನಿಯ ಮೇಲ್ಭಾಗದಲ್ಲಿ, ದೋಣಿಯ ದಾರಿ ಮುಗಿದು ಘಟ್ಟದ ದಾರಿ ಮೊದಲಾಗುವ ಕಡೆ, ಉಪ್ಪಿನಪಟ್ಟಣ ಎಂಬ ಊರಿದೆ. ಉಪ್ಪು ಬೆಳೆಯುವುದು ಅಳಿವೆಯಲ್ಲಿ, ಪಟ್ಟಣ ಇರುವುದು ಕಾಡಿನ ಬುಡದಲ್ಲಿ. ಕುಮಟಾ ಹತ್ತಿಯ ಕಥೆಯೇ ಇಲ್ಲಿ ತಿರುಗುಮುರುಗಾಗಿದೆ ಎನ್ನಬಹುದು.

ಆದ್ದರಿಂದ ಹತ್ತಿಯನ್ನು ನದಿಯೇ ಹೊತ್ತು ತಂದಿತೆಂದು ಹೇಳಿದರೆ ತಪ್ಪಾಗುತ್ತದೆ; ಹತ್ತಿಯನ್ನು ತಂದದ್ದು ಎತ್ತು. ಎತ್ತಿನ ಪಯಣವನ್ನು ಎರಡೂ ದಿಕ್ಕಿನಲ್ಲಿ ಲಾಭದ್ದಾಗಿ ಮಾಡಿದ್ದು ನದಿ ಮತ್ತು ಅಳಿವೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಧಾರವಾಡದ ಹತ್ತಿಗೆ ಬೆಲೆ ಏರಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಕಾಳೀ ನದಿಯ ಅಳಿವೆಯಲ್ಲಿರುವ ಕಾರವಾರದ ಮೇಲೆ ಬಿತ್ತು. ಬೆಳೆ ಮುಂಬಯಿ ಪ್ರಾಂತ್ಯದಲ್ಲಿ, ಬಂದರು ಮದರಾಸು ಪ್ರಾಂತ್ಯದಲ್ಲಿ, ರಸ್ತೆಯ ಖರ್ಚು ಯಾರದೆಂಬ ತಗಾದೆ. ಇದನ್ನು ಬಗೆಹರಿಸಲು ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಏಕೀಕರಣದವರೆಗೆ, ಅಂದರೆ 1956ರವರೆಗೆ, ಎರಡು ಪ್ರಾಂತ್ಯಗಳಲ್ಲಿ ಹಂಚಿಹೋಗಿದ್ದುದಕ್ಕೆ ತಮ್ಮ ಅಜ್ಜನವರ ಹೊಲದ ಬೆಳೆಯೂ ಒಂದು ಕಾರಣವೆಂದರೆ ಅತಿಶಯೋಕ್ತಿಯಲ್ಲ.

ಪ್ರಶ್ನೆ: ಕೃಷ್ಣೆ, ತುಂಗಭದ್ರೆ, ಕಾವೇರಿಗಳು ಅಘನಾಶಿನಿಗಿಂತ ಎಷ್ಟೋ ದೊಡ್ಡ ನದಿಗಳು. ಅವುಗಳ ಮೇಲೆ ಸರಕಿನ ದೋಣಿಗಳು ಏಕೆ ಓಡಾಡಲಿಲ್ಲ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನದಿಯ ಉದ್ದ ನೋಡಿ ಸಾಗಾಟವನ್ನು ಅಳೆಯಲಾಗದು. ನಮ್ಮ ಒಳನಾಡಿನ ನದಿಗಳು ಮಳೆಗಾಲದಲ್ಲಿ ದೋಣಿಯನ್ನು ಒಡೆದುಹಾಕುವಷ್ಟು ರಭಸದಲ್ಲಿರುತ್ತವೆ, ಬೇಸಿಗೆಯಲ್ಲಿ ಮಂಡಿಮಟ್ಟದ ನೀರಿಗೆ ಇಳಿಯುತ್ತವೆ. ತಳವೆಲ್ಲ ಬಂಡೆ, ನಡುವೆ ಶಿವನಸಮುದ್ರ, ಹೊಗೇನಕಲ್ಲುಗಳಂತಹ ಜಲಪಾತಗಳು. ಹೀಗಾಗಿ ಅಲ್ಲಿ ದಡದಿಂದ ದಡಕ್ಕೆ ದಾಟಿಸುವ ಹರಿಗೋಲು ಬೆಳೆಯಿತೇ ಹೊರತು ಊರಿಂದೂರಿಗೆ ಸಾಗುವ ಹಡಗು ಬೆಳೆಯಲಿಲ್ಲ. ತುಂಗೆ ಮತ್ತು ಭದ್ರೆಯರ ಮೇಲೆ ಮಲೆನಾಡಿನ ಮರದ ದಿಮ್ಮಿಗಳನ್ನು ತೇಲಿಬಿಡುತ್ತಿದ್ದರು, ಆದರೆ ಅದು ಒಮ್ಮುಖದ ಪಯಣ. ಉಳಿದ ಸರಕನ್ನೆಲ್ಲ ಹೊತ್ತವು ಲಂಬಾಣಿಗರ ಹೇರೆತ್ತುಗಳು.

ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ತುಂಗಭದ್ರೆಗೆ ಸುಂಕೇಸುಲದಲ್ಲಿ ಅಣೆಕಟ್ಟು ಕಟ್ಟಿ ಕರ್ನೂಲಿನಿಂದ ಕಡಪದವರೆಗೆ ತೋಡಿದ ಕಾಲುವೆಯನ್ನು ನೀರಾವರಿಯ ಜೊತೆಗೆ ದೋಣಿ ಸಂಚಾರಕ್ಕೂ ಆಗುವಂತೆ ಯೋಜಿಸಿದ್ದರು. ಅದನ್ನು ಕೈಗೊಂಡಿದ್ದ ಖಾಸಗಿ ಕಂಪನಿ ನಷ್ಟದಲ್ಲಿ ಮುಳುಗಿ, 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು.

ಪ್ರಶ್ನೆ: ಶರಾವತಿಯಲ್ಲಿ ಹಿಂದೆ ಗೇರುಸೊಪ್ಪೆಯವರೆಗೂ ಹಡಗುಗಳು ಹೋಗುತ್ತಿದ್ದವೆಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಹೋಗುತ್ತಿದ್ದರೆ ಪ್ರವಾಹದ ಎದುರು ಹೇಗೆ ಹೋಗುತ್ತಿದ್ದವು? (ಓದುಗರೊಬ್ಬರು, ಹೊನ್ನಾವರ)

ಉತ್ತರ: ಹಡಗು ಎಂಬ ಮಾತನ್ನು ಸ್ವಲ್ಪ ತಿದ್ದಿಕೊಂಡರೆ ಹಿರಿಯರ ಮಾತು ಸರಿ. ಸಮುದ್ರದ ಮೇಲೆ ಓಡುವ ಪತ್ತೇಮಾರಿಗಳು ಅಳಿವೆಯಲ್ಲಿಯೋ ಬಂದರಿನ ಧಕ್ಕೆಯಲ್ಲಿಯೋ ನಿಲ್ಲುತ್ತಿದ್ದವು. ನದಿಯೊಳಗೆ ಹೋಗುತ್ತಿದ್ದವು ತಳ ಚಪ್ಪಟೆಯಾದ ದೋಣಿಗಳು ಮತ್ತು ಮಚವೆಗಳು. ಹೊನ್ನಾವರದಿಂದ ಗೇರುಸೊಪ್ಪೆಗೆ ಸುಮಾರು 30 ಕಿಲೋಮೀಟರು.

ಪ್ರವಾಹದ ಎದುರು ಹೋಗುವ ಕಷ್ಟ ಅವರಿಗೆ ಇರಲೇ ಇಲ್ಲ. ಜೋಗದಲ್ಲಿ ಧುಮುಕಿದ ಶರಾವತಿ ಗೇರುಸೊಪ್ಪೆಯಲ್ಲಿ ಬಯಲಿಗೆ ಬೀಳುವ ಹೊತ್ತಿಗೆ ತನ್ನ ಇಳಿಜಾರನ್ನೆಲ್ಲ ಕಳೆದುಕೊಂಡಿರುತ್ತದೆ. ಅಲ್ಲಿಂದ ಕೆಳಗೆ ಮಳೆಗಾಲ ಬಿಟ್ಟರೆ ಅದು ನದಿಯೆನ್ನುವುದಕ್ಕಿಂತ ಸಮುದ್ರದ ಚಾಚಿದ ತೋಳು. ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಭರತದ ನೀರು ಒಳನುಗ್ಗುವ ಹೊತ್ತಿಗೆ ಹೊನ್ನಾವರದಲ್ಲಿ ದೋಣಿ ಬಿಟ್ಟರೆ ನೀರೇ ಅದನ್ನು ಮೇಲಕ್ಕೆ ಒಯ್ಯುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದಾಗ ಹಾಯಿ ಬಿಚ್ಚಿದರೆ ಇನ್ನೂ ಬೇಗ. ಮೆಣಸು, ಅಡಿಕೆ ಹೇರಿಕೊಂಡು ಇಳಿತದ ನೀರಿನೊಡನೆ ಹಿಂದಿರುಗಿದರಾಯಿತು. ಹುಟ್ಟು ಹಾಕುವುದು, ಜಲ್ಲೆ ಊರುವುದು ದಿಕ್ಕು ಹಿಡಿಯಲಷ್ಟೇ ಹೆಚ್ಚಾಗಿ ಬೇಕಾಗುತ್ತಿತ್ತು. ಭರತದ ಹೊತ್ತು ದಿನದಿನಕ್ಕೆ ಮುಕ್ಕಾಲು ತಾಸಿಗಿಂತ ಸ್ವಲ್ಪ ಹೆಚ್ಚು ತಡವಾಗುತ್ತದೆ. ಆದ್ದರಿಂದ ಅಂಬಿಗರ ಗಡಿಯಾರ ಚಂದ್ರನೇ ಆಗಿದ್ದ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತ ಕಡಿಮೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹೆಚ್ಚು. ಭಾರವಾದ ಹೇರು ಯಾವ ದಿನ ಹೋಗಬೇಕು, ಹಗುರವಾದದ್ದು ಯಾವ ದಿನ ಹೋಗಬಹುದು ಎಂಬ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿತ್ತು.

ಇದರಿಂದ ಆಗುತ್ತಿದ್ದ ಉಳಿತಾಯವನ್ನು ಗಮನಿಸಬೇಕು. ಹೇರೆತ್ತೊಂದು ಒಂದು ಕ್ವಿಂಟಲಿನಷ್ಟು ಹೊರುತ್ತದೆ ಎಂದಿಟ್ಟುಕೊಂಡರೆ, 10 ಟನ್ನು ಹಿಡಿಯುವ ಮಚವೆಯೊಂದರ ಸರಕಿಗೆ 100 ಎತ್ತುಗಳು ಬೇಕು. ಅವಕ್ಕೆ ಮೇವು ಬೇಕು, ನೀರು ಬೇಕು, ಹೊಡೆಯುವ ಆಳುಗಳು ಬೇಕು. ಮಚವೆಗೆ ನಾಲ್ಕೈದು ಜನ ಸಾಕು, ಮೇವು ಬೇಡ. ನೀರು ಎಲ್ಲಿಯವರೆಗೆ ಏರುತ್ತದೆಯೋ ಅಲ್ಲಿಯವರೆಗೆ ಸರಕನ್ನು ದೋಣಿಯಿಂದ ಇಳಿಸಲು ಯಾವ ವರ್ತಕನೂ ಒಪ್ಪುತ್ತಿರಲಿಲ್ಲ. ಕರಾವಳಿಯ ಹಳೆಯ ಪೇಟೆಗಳನ್ನು ನಕಾಶೆಯ ಮೇಲೆ ಗುರುತಿಸಿ ನೋಡಿ. ಒಂದು ಸಾಲು ಅಳಿವೆಗಳಲ್ಲಿದೆ: ಕಾರವಾರ, ಹೊನ್ನಾವರ, ಗಂಗೊಳ್ಳಿ, ಮಂಗಳೂರು. ಇನ್ನೊಂದು ಸಾಲು ಒಳಗೆ, ಎತ್ತು ಮತ್ತು ದೋಣಿ ಸರಕನ್ನು ಕೈಬದಲಾಯಿಸುವ ಕಡೆ: ಕಾಳಿಯಲ್ಲಿ ಕದ್ರಾ, ಅಘನಾಶಿನಿಯಲ್ಲಿ ಉಪ್ಪಿನಪಟ್ಟಣ, ಶರಾವತಿಯಲ್ಲಿ ಗೇರುಸೊಪ್ಪೆ, ನೇತ್ರಾವತಿಯಲ್ಲಿ ಪಾಣೆಮಂಗಳೂರು ಮತ್ತು ಬಂಟ್ವಾಳ. ನಮ್ಮ ಚರಿತ್ರೆಯ ಪುಸ್ತಕಗಳು ಮೊದಲ ಸಾಲನ್ನು ಹೊಗಳಿದಷ್ಟು ಎರಡನೆಯದನ್ನು ಗಮನಿಸಿಲ್ಲವೆಂಬುದು ನನ್ನ ದೂರು.

ಗೇರುಸೊಪ್ಪೆಯ ವೈಭವವೆಲ್ಲ ನಿಂತಿದ್ದುದು ಈ ಕೈಬದಲಾವಣೆಯ ಮೇಲೆ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದಳು. ಘಟ್ಟದ ಮೆಣಸು ಅವಳ ಪಟ್ಟಣಕ್ಕೆ ಇಳಿದು, ಅಲ್ಲಿಂದ ನದಿಯ ಮೇಲೆ ಹೊನ್ನಾವರಕ್ಕೆ ಹೋಗಬೇಕಾಗಿತ್ತು. ಬೆಟ್ಟವನ್ನೂ ಕಡಲನ್ನೂ ಪೂರ್ತಿಯಾಗಿ ಹಿಡಿಯದೆ, ಅವೆರಡರ ನಡುವಿನ ಕೊಂಡಿಯನ್ನು ಹಿಡಿದುಕೊಂಡೇ ಅವಳು ಗೋವೆಯ ಪೋರ್ಚುಗೀಸರೊಡನೆ ಚೌಕಾಶಿ ಮಾಡಬಲ್ಲವಳಾಗಿದ್ದಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರದಿಂದ ದೋಣಿಯಲ್ಲಿಯೇ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿದ. ಈ ನದಿಯ ಚೆಲುವನ್ನು ಅವನು ಮನಸಾರೆ ಹೊಗಳಿದ್ದಾನೆ. ಪಟ್ಟಣ ಮಾತ್ರ ಆಗಲೇ ಹಾಳುಬಿದ್ದಿತ್ತು. ಇದೇ ವೆಂಕಟಪ್ಪ ನಾಯಕನ ಮನೆತನವಾದ ಕೆಳದಿಯವರ ಕೈಗೆ ನಾಡು ಹೋದ ಮೇಲೆ ಗೇರುಸೊಪ್ಪೆಯಲ್ಲಿ ಉಳಿದದ್ದು ದಾರಿ ಮಾತ್ರ, ರಾಜಧಾನಿಯಲ್ಲ. ಇಂದು ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇಷ್ಟು ದೊಡ್ಡ ಕಟ್ಟಡ ಇಲ್ಲೇಕೆ ಎಂಬ ಪ್ರಶ್ನೆ ಏಳುತ್ತದೆ. ನದಿಯನ್ನು ಬಿಟ್ಟು ಅದಕ್ಕೆ ಉತ್ತರ ಸಿಗುವುದಿಲ್ಲ.

ಪ್ರಶ್ನೆ: ಮಂಗಳೂರಿನ ಹಂಚಿನ ಕಾರ್ಖಾನೆಗಳೆಲ್ಲ ಹೊಳೆಯ ಬದಿಯಲ್ಲಿಯೇ ಇದ್ದುದೇಕೆ? ಆವೆಮಣ್ಣು ಸಿಗುತ್ತಿತ್ತೆಂಬುದೊಂದೇ ಕಾರಣವೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಮಣ್ಣು ಮೊದಲ ಕಾರಣ, ಆದರೆ ಒಂದೇ ಕಾರಣವಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅದನ್ನು ರೂಪಿಸಿದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡವನ್ನು ಆರಿಸಿಕೊಂಡದ್ದರ ಹಿಂದೆ ಸರಳವಾದ ಲೆಕ್ಕವಿದೆ. ಹಂಚು ಬಹಳ ತೂಕದ, ಬಹಳ ಅಗ್ಗದ, ಬೇಗ ಒಡೆಯುವ ವಸ್ತು. ಇಂತಹ ಸರಕನ್ನು ಆ ಕಾಲದ ರಸ್ತೆಗಳ ಮೇಲೆ ಎತ್ತಿನಗಾಡಿಯಲ್ಲಿ ಕುಲುಕುತ್ತ ಒಯ್ದರೆ ದಾರಿಯಲ್ಲಿ ಒಡೆದುಳಿದ ಹಂಚಿನ ಬೆಲೆ ಬಾಡಿಗೆಗೇ ಸರಿಹೋಗುತ್ತಿತ್ತು. ನೇತ್ರಾವತಿ ಮತ್ತು ಗುರುಪುರ ಹೊಳೆಗಳಲ್ಲಿ ಮೇಲಿನಿಂದ ಮಣ್ಣೂ ಸೌದೆಯೂ ಓಡಗಳಲ್ಲಿ ಬಂದು ಕಾರ್ಖಾನೆಯ ಬಾಗಿಲಲ್ಲೇ ಇಳಿಯುತ್ತಿದ್ದವು. ಸುಟ್ಟ ಹಂಚು ಅದೇ ಬಾಗಿಲಿನಿಂದ ಓಡವೇರಿ, ಎರಡು ಹೊಳೆಗಳು ಕೂಡುವ ಹಳೆಯ ಬಂದರಿಗೆ ಹೋಗಿ, ಮಂಜಿಗಳೆಂಬ ಕಡಲ ಸರಕುದೋಣಿಗಳಲ್ಲಿ ಮುಂಬಯಿಗೂ ಇತರ ಬಂದರುಗಳಿಗೂ ಸಾಗುತ್ತಿತ್ತು. ನೀರು ಹಂಚನ್ನು ಕುಲುಕುವುದಿಲ್ಲ.

ಕಾಫಿಯದು ಬೇರೆ ಬಗೆ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಸಂಪಾಜೆ, ಚಾರ್ಮಾಡಿ ಮೊದಲಾದ ಘಟ್ಟಗಳನ್ನಿಳಿದು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಕಾಫಿ ಸಂಸ್ಕರಣಾ ಕೇಂದ್ರಗಳಲ್ಲಿ ಹದಗೊಂಡು ಹಡಗೇರುತ್ತಿತ್ತು. ನೇತ್ರಾವತಿಯ ಮೇಲಿನ ಬಂಟ್ವಾಳ ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ನಡುವಿನ ಪೇಟೆಯಾಗಿ ಬೆಳೆದದ್ದು ಈ ದಾರಿಯ ಬಲದಿಂದ. ನದಿಯನ್ನು ನಂಬಿ ಅದರ ಮಗ್ಗುಲಲ್ಲೇ ಕಟ್ಟಿದ ಪೇಟೆಯಾದ್ದರಿಂದ 1923ರ ಮಹಾನೆರೆ, ತುಳುವರು ‘ಮಾರಿಬೊಳ್ಳ’ವೆಂದು ನೆನಪಿಟ್ಟುಕೊಂಡಿರುವುದು, ಅದನ್ನು ಅಷ್ಟು ಘೋರವಾಗಿ ಬಡಿಯಿತು.

ಪ್ರಶ್ನೆ: ಬಸರೂರು, ಹೊನ್ನಾವರ, ಕುಮಟೆಗಳ ಬಂದರುಗಳು ಹೂಳು ತುಂಬಿದ್ದರಿಂದ ಹಾಳಾದವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಇದು ಪೂರ್ತಿ ಸರಿಯೇ? (ಓದುಗರೊಬ್ಬರು, ಕುಂದಾಪುರ)

ಉತ್ತರ: ಪೂರ್ತಿ ಸರಿಯಲ್ಲ. ಅಳಿವೆಗಳ ಬಾಯಲ್ಲಿ ಮರಳದಿಣ್ಣೆ ಹಿಂದಿನಿಂದಲೂ ಇತ್ತು. ಮಳೆಗಾಲದ ಕಡಲು ಮರಳನ್ನು ತಂದು ಒಡ್ಡುತ್ತದೆ, ನದಿಯ ನೆರೆ ಅದನ್ನು ಒಡೆಯುತ್ತದೆ; ಈ ಜಗ್ಗಾಟ ಮನುಷ್ಯನ ವ್ಯಾಪಾರಕ್ಕಿಂತ ಹಳೆಯದು. ಜೂನಿನಿಂದ ಬಂದರುಗಳು ಮುಚ್ಚುವುದು, ನೂಲಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ಹಡಗು ನೀರಿಗಿಳಿಯುವುದು, ಇವು ಆ ಕಾಲದ ವರ್ತಕರಿಗೆ ಗೊತ್ತಿದ್ದ ಕಟ್ಟಳೆಗಳೇ. ದೊಡ್ಡ ಹಡಗು ದಿಣ್ಣೆಯಾಚೆ ಲಂಗರು ಹಾಕಿದರೆ ಸಣ್ಣ ದೋಣಿಗಳು ಸರಕನ್ನು ಮುಟ್ಟಿಸುತ್ತಿದ್ದವು. ಒಂದರ್ಥದಲ್ಲಿ ಖಾರ್ವಿಗಳು, ಅಂಬಿಗರು, ಮೊಗವೀರರಿಗೆ ದೋಣಿಯ ಕೂಲಿಯನ್ನು ಆ ದಿಣ್ಣೆಯೂ ಕೊಟ್ಟಿತ್ತು.

ಬಸರೂರಿನ ಕಥೆಯಲ್ಲಿ ರಾಜಕೀಯವೇ ಮುಖ್ಯ. ವಾರಾಹಿಯ ದಡದಲ್ಲಿ, ಕಡಲಿನಿಂದ ಒಳಗಿದ್ದ ಈ ಪಟ್ಟಣದ ಅಕ್ಕಿಯನ್ನು ಗೋವೆ ಬಹಳವಾಗಿ ನೆಚ್ಚಿಕೊಂಡಿತ್ತು. ಕನ್ನಡ ಕರಾವಳಿಯ ಅಕ್ಕಿ ಅರಬ್ಬೀ ಕಡಲಾಚೆಯ ಮಸ್ಕತ್ತಿಗೂ ಹೋಗುತ್ತಿತ್ತು. ಪೋರ್ಚುಗೀಸರು 1569ರಲ್ಲಿ ಅಲ್ಲಿಯ ಕೋಟೆಯನ್ನು ಹಿಡಿದರು. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಪಟ್ಟಣವನ್ನು ಲೂಟಿ ಮಾಡಿದ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಮಂಗಳೂರು ಅವನ ಮುಖ್ಯ ಬಂದರಾಯಿತು. ಹೂಳು ಇದ್ದಿರಬಹುದು, ಆದರೆ ವ್ಯಾಪಾರವಿದ್ದರೆ ಹೂಳಿನ ನಡುವೆಯೂ ದೋಣಿ ದಾರಿ ಮಾಡಿಕೊಳ್ಳುತ್ತದೆ ಎಂಬುದಕ್ಕೆ ಮಂಗಳೂರಿನ ಹಳೆಯ ಬಂದರೇ ಉದಾಹರಣೆ.

ಕುಮಟೆ ಮತ್ತು ಕಾರವಾರಗಳನ್ನು ಕೊಂದದ್ದು ನೀರಲ್ಲ, ಕಬ್ಬಿಣ. 1878ರ ಒಪ್ಪಂದದಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಸೇರಿ ಮರ್ಮಗೋವೆಯ ಬಂದರಿನಿಂದ ಒಳನಾಡಿಗೆ ರೈಲು ಹಾಕಲು ನಿಶ್ಚಯಿಸಿದರು. 1880ರ ದಶಕದ ಕೊನೆಯ ಹೊತ್ತಿಗೆ ಆ ಹಳಿ ಕ್ಯಾಸಲ್‌ರಾಕ್, ಲೋಂಡಾಗಳ ಮೂಲಕ ಹುಬ್ಬಳ್ಳಿಯ ಕಡೆಯ ಹಳಿಯನ್ನು ಕೂಡಿಕೊಂಡಿತು. ಹತ್ತಿಯ ಅಂಡಿಗೆ ಎಂಟು ದಿನ ಘಟ್ಟದಲ್ಲಿ ಕುಲುಕಬೇಕಾದ ಅಗತ್ಯವೇ ಉಳಿಯಲಿಲ್ಲ. ಚಕ್ಕಡಿಗಳು ಕುಮಟೆಗೆ ಇಳಿಯುವುದು ಕಡಿಮೆಯಾದಂತೆ ಅವು ಹಿಂದಿರುಗುವಾಗ ಒಯ್ಯುತ್ತಿದ್ದ ಉಪ್ಪಿನ ಮರುಹೇರೂ ಕಡಿಮೆಯಾಯಿತು, ಉಪ್ಪು ತರುತ್ತಿದ್ದ ದೋಣಿಗೆ ಕೆಲಸ ತಪ್ಪಿತು. ಅಘನಾಶಿನಿಯಲ್ಲಿ ಭರತ ಇಳಿತಗಳು ಎಂದಿನಂತೆಯೇ ನಡೆದಿದ್ದವು. ಇಷ್ಟೆಲ್ಲ ಆಸೆಯಿಟ್ಟು ಜಿಲ್ಲೆಯನ್ನೇ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಎತ್ತಿಹಾಕಿದ ಕಾರವಾರಕ್ಕೆ ಹುಬ್ಬಳ್ಳಿಯ ರೈಲು ಬರಲೇ ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ.

ಮಂಗಳೂರಿಗೆ ರೈಲು 1907ರಲ್ಲಿ ಬಂತು, ಆದರೆ ಅದು ಮದರಾಸಿನ ಕಡೆಯಿಂದ ಬಂದದ್ದು. ಘಟ್ಟದ ಮೇಲಿನ ಕಾಫಿಯನ್ನು ಅದು ಕಿತ್ತುಕೊಳ್ಳಲಿಲ್ಲ. ಊರಿನ ಬಂದರು ಉಳಿದುಕೊಂಡುದಕ್ಕೆ ಇದೂ ಒಂದು ಕಾರಣ. ನದಿಗಳ ಸಾಗಾಟಕ್ಕೆ ಕೊನೆಯ ಪೆಟ್ಟನ್ನು ಕೊಟ್ಟವು ಸೇತುವೆಗಳು. ಸ್ವಾತಂತ್ರ್ಯಾನಂತರ ಕರಾವಳಿಯ ಹೆದ್ದಾರಿಗೆ ಒಂದೊಂದಾಗಿ ಸೇತುವೆಗಳಾದಂತೆ ದೋಣಿಯಲ್ಲಿ ಹೊಳೆ ದಾಟಿಸುವ ತಾರಿಗಳು ಮುಚ್ಚಿದವು, ಲಾರಿ ಬಂದಲ್ಲಿ ಮಚವೆ ಹೋಯಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದ ಅತಿ ಉದ್ದದ ಸೇತುವೆ, 2 ಕಿಲೋಮೀಟರಿಗೂ ಮಿಕ್ಕಿದ್ದು, ಇರುವುದು ಹೊನ್ನಾವರದಲ್ಲಿ, ಶರಾವತಿಯ ಮೇಲೆ. ಪತ್ತೇಮಾರಿಗಳು ಒಳಬರುತ್ತಿದ್ದ ಅಳಿವೆ ಎಷ್ಟು ಅಗಲವೆಂಬುದನ್ನು ಈಗ ರೈಲಿನ ಕಿಟಕಿಯಿಂದ ಅಳೆಯಬಹುದು.

ಪ್ರಶ್ನೆ: ನದಿಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಿಸಿದ್ದಾರಲ್ಲ, ಹಳೆಯ ಸಾಗಾಟ ಮರಳಿ ಬರುವುದೇ? (ಓದುಗರೊಬ್ಬರು, ಉಡುಪಿ)

ಉತ್ತರ: 2016ರ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಕಾಳಿ, ಶರಾವತಿ, ಪಂಚಗಂಗಾವಳಿ, ಗುರುಪುರ, ನೇತ್ರಾವತಿಗಳೂ ಇವೆ. ಹಳೆಯ ಅರ್ಥದಲ್ಲಿ ಸರಕು ಮರಳಿ ಬರುವುದು ನನಗೆ ಕಷ್ಟವೆನಿಸುತ್ತದೆ. ಆಗ ನದಿಯ ಎದುರಾಳಿ ಎತ್ತು. ಈಗಿನ ಎದುರಾಳಿ, ಸರಕನ್ನು ಗೋದಾಮಿನ ಬಾಗಿಲಿಂದ ಗೋದಾಮಿನ ಬಾಗಿಲಿಗೆ ನೇರವಾಗಿ ಮುಟ್ಟಿಸುವ ಲಾರಿ. 30 ಕಿಲೋಮೀಟರಿನ ದಾರಿಗಾಗಿ ಎರಡು ಬಾರಿ ಇಳಿಸಿ ಹತ್ತಿಸುವ ಕೂಲಿ ಯಾರಿಗೂ ಪೂರೈಸದು. ಪ್ರವಾಸಿಗರ ದೋಣಿ ನಡೆಯಬಹುದು.

ಬದಲಿಗೆ ಈಗಲೂ ನಡೆಯುತ್ತಿರುವ ಒಂದು ಸಾಗಾಟವನ್ನು ನೋಡಲು ಬಯಸುವವರು ಮಳೆಗಾಲ ಕಳೆದ ಮೇಲೆ ಮಂಗಳೂರಿನ ಹಳೆಯ ಬಂದರಿಗೆ ಹೋಗಬೇಕು. ಲಕ್ಷದ್ವೀಪ ಸಮೂಹದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು; ಅಲ್ಲಿಯವರು ತೆಂಗಿನ ನಾರನ್ನು ತಂದು ಇಲ್ಲಿಯ ಅಕ್ಕಿಯನ್ನು ಒಯ್ಯುತ್ತಿದ್ದರು. ದೊಡ್ಡ ಹಡಗುಗಳೆಲ್ಲ 1974ರಲ್ಲಿ ಆರಂಭವಾದ ಪಣಂಬೂರಿನ ನವಮಂಗಳೂರು ಬಂದರಿಗೆ ಹೋದ ಮೇಲೂ ದ್ವೀಪಗಳ ಮಂಜಿಗಳು ಗುರುಪುರ ಹೊಳೆಯ ಧಕ್ಕೆಯನ್ನು ಬಿಡಲಿಲ್ಲ. ಹಾಯಿಯ ಬದಲು ಎಂಜಿನ್ ಬಂದಿದೆ. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟುಗಳನ್ನು ತುಂಬಿಕೊಂಡು, ಅಳಿವೆಯಲ್ಲಿ ನೀರು ಏರುವ ಹೊತ್ತಿಗಾಗಿ ಅವು ಇಂದಿಗೂ ಕಾಯುತ್ತವೆ.